ಅಲಾಯ್ ವೀಲ್ ಹಾಕಿಸುವ ಮೊದಲು ನಟ್ ನೋಡಿ: ಹಾಸನದ ಒಂದು ಟೈರ್ ಅಂಗಡಿಯ ಬಗ್ಗೆ

ಹಾಸನದ ಬಿ.ಎಂ. ರಸ್ತೆಯಲ್ಲಿ ಟೈರ್ ಅಂಗಡಿಗಳಿಗೆ ಬರವಿಲ್ಲ. ಗೋಡೆ ತುಂಬ ಫಳಫಳ ಅಲಾಯ್ ನೇತುಹಾಕಿ, ರಾತ್ರಿ ನೀಲಿ ಲೈಟ್ ಬಿಡುವ ಅಂಗಡಿಗಳೂ ಇವೆ. ನಾನು ಹೇಳಹೊರಟಿರುವ ಅಂಗಡಿಯಲ್ಲಿ ಅಂಥ ಗೋಡೆ ಇಲ್ಲ. ಮೂಲೆಯಲ್ಲಿ ಒಂದಷ್ಟು ವೀಲ್ ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ, ಅವುಗಳ ಮೇಲೆ ಧೂಳು. ಆದರೆ ಕೌಂಟರ್ ಹಿಂದೆ ಒಂದು ಮರದ ಕಪಾಟಿದೆ. ಅದರ ಸಣ್ಣ ಸಣ್ಣ ಖಾನೆಗಳಲ್ಲಿ ನಟ್‌ಗಳು, ಬೋಲ್ಟ್‌ಗಳು, ರಿಂಗ್‌ಗಳು. ಪ್ರತಿ ಖಾನೆಗೂ ಮಾರ್ಕರ್‌ನಲ್ಲಿ ಅಳತೆ ಬರೆದಿದೆ. ನನ್ನ ಪ್ರಕಾರ ಈ ಅಂಗಡಿಯ ಬೆಲೆಯೆಲ್ಲ ಆ ಕಪಾಟಿನಲ್ಲಿದೆ.

ಹೆಸರು ಯಾಕೆ ಹಾಕಿಲ್ಲ ಅಂತ ಕೇಳಬೇಡಿ. ಯಜಮಾನರೇ ಬೇಡ ಅಂದರು. "ಈಗ ಬರೋರಿಗೇ ಟೈಮ್ ಸಾಲ್ತಿಲ್ಲ ಮೇಡಂ" ಅಂದರು. ಇರಲಿ. ನೀವು ಯಾವ ಊರಿನಲ್ಲಿದ್ದರೂ ನಿಮ್ಮ ಅಂಗಡಿಯವರು ಹೀಗೆ ಕೆಲಸ ಮಾಡುತ್ತಾರಾ ಅಂತ ನೋಡಿಕೊಳ್ಳೋಕೆ ಈ ಬರಹ ಸಾಕು.

ನಮ್ಮದು 2016ರ ಹೋಂಡಾ ಸಿಟಿ, ಸೆಕೆಂಡ್ ಹ್ಯಾಂಡ್. ಕಂಪನಿಯಿಂದ ಬಂದಾಗ ಅದಕ್ಕೆ 15 ಇಂಚಿನ ಸ್ಟೀಲ್ ಡಿಸ್ಕ್, ಅಂದರೆ ಸಾದಾ ಕಬ್ಬಿಣದ ವೀಲ್, 175/65 ಆರ್15 ಟೈರ್ ಇತ್ತು (ಮೊದಲ ಅಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಪಕ್ಕದ ಗೋಡೆ ಆ ಅಗಲದ ಶೇಕಡಾ ಎಷ್ಟು ಅನ್ನೋದು, ಕೊನೆಯದು ವೀಲಿನ ಇಂಚು). ಹಿಂದಿನ ಮಾಲೀಕರು ಅದನ್ನು ಬಿಚ್ಚಿಸಿ 17 ಇಂಚಿನ ಅಲಾಯ್ ಮತ್ತು 205/45 ಟೈರ್ ಹಾಕಿಸಿದ್ದರು. ನೋಡೋಕೆ ಚೆನ್ನಾಗೇ ಇತ್ತು. ನನ್ನ ಮಗ ಗಾಡಿ ಒಪ್ಪಿದ್ದೇ ಆ ವೀಲ್ ನೋಡಿ. ಆದರೆ ಬೆಂಗಳೂರು ಕಡೆ ಹೋಗುವಾಗ, ಚನ್ನರಾಯಪಟ್ಟಣ ದಾಟಿ ವೇಗ 90 ಮುಟ್ಟಿದ ತಕ್ಷಣ ಸ್ಟೇರಿಂಗ್ ನಡುಗೋಕೆ ಶುರು. 110 ದಾಟಿದರೆ ಸ್ವಲ್ಪ ಕಡಿಮೆ. ಮತ್ತೆ 90ಕ್ಕೆ ಇಳಿದರೆ ಅದೇ ನಡುಕ. ಇದರ ಜೊತೆಗೆ ಹಿಂದಿನ ಸೀಟಿನಲ್ಲಿ ಮೂರು ಜನ ಕೂತು, ಹಂಪ್ ಮೇಲೆ ಗಾಡಿ ಇಳಿದರೆ ಎಡಗಡೆಯಿಂದ "ಜರ್" ಅಂತ ಟೈರ್ ಉಜ್ಜುವ ಸದ್ದು. ನಮ್ಮತ್ತೆ ಪ್ರತಿ ಸಲ ಕೆಳಗೆ ಏನೋ ಬಿತ್ತು ಅಂತ ಗಾಡಿ ನಿಲ್ಲಿಸು ಅನ್ನುತ್ತಿದ್ದರು.

ಬೇರೆ ಅಂಗಡಿಗಳಿಗೂ ಹೋಗಿದ್ದೆವು. ಎಲ್ಲ ಕಡೆ ಒಂದೇ ಮದ್ದು: ಬ್ಯಾಲೆನ್ಸಿಂಗ್ ಮಾಡೋಣ, ಅಲೈನ್‌ಮೆಂಟ್ ಮಾಡೋಣ. ಮೆಷಿನ್‌ನಲ್ಲಿ ಸೊನ್ನೆ ಸೊನ್ನೆ ತೋರಿಸಿ, ಪ್ರಿಂಟ್ ಕೊಟ್ಟು, ದುಡ್ಡು ತಗೊಂಡು ಕಳಿಸುತ್ತಿದ್ದರು. ರಸ್ತೆಗಿಳಿದರೆ ಸ್ಟೇರಿಂಗ್ ಮತ್ತೆ ಅದೇ ರಾಗ. ಒಬ್ಬರಂತೂ ಸಸ್ಪೆನ್ಷನ್ ಪೂರ್ತಿ ಬದಲಾಯಿಸಿ ಅಂದರು.

ಈ ಅಂಗಡಿಯ ಯಜಮಾನರು ಮೆಷಿನ್ ಹತ್ತಿರ ಹೋಗಲೇ ಇಲ್ಲ. ಮುಂದಿನ ಬಲಗಡೆ ವೀಲ್ ಬಿಚ್ಚಿಸಿದರು, ಒಂದು ನಟ್ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ನಮ್ಮ ಯಜಮಾನರ ಕಡೆ ತಿರುಗಿ ವಿವರಿಸೋಕೆ ಶುರು ಮಾಡಿದರು. ಗಾಡಿ ಓಡಿಸೋದು ನಾನು ಅಂತ ನಮ್ಮವರೇ ಹೇಳಬೇಕಾಯಿತು. ಪರವಾಗಿಲ್ಲ, ಆಮೇಲೆ ನನ್ನ ಜೊತೆಗೇ ಮಾತಾಡಿದರು, ಚೆನ್ನಾಗೂ ಮಾತಾಡಿದರು.

ಅವರು ತೋರಿಸಿದ್ದು ಇಷ್ಟು. ಹೋಂಡಾದ ಕಂಪನಿ ನಟ್‌ಗಳ ತಳ ಗುಂಡಗಿರುತ್ತದೆ. ಕಂಪನಿ ಡಿಸ್ಕ್‌ನ ತೂತಿನ ಅಂಚೂ ಅದಕ್ಕೆ ತಕ್ಕಂತೆ ಗುಂಡಗೆ ತಗ್ಗಾಗಿರುತ್ತದೆ. ಆದರೆ ಹೊರಗೆ ಸಿಗುವ ಹೆಚ್ಚಿನ ಅಲಾಯ್‌ಗಳಲ್ಲಿ ನಟ್ ಕೂರುವ ಜಾಗ 60 ಡಿಗ್ರಿಯ ಕೋನ್. ಹಳೆ ಮಾಲೀಕರಿಗೆ ವೀಲ್ ಹಾಕಿದವರು ಗುಂಡು ತಳದ ನಟ್‌ಗಳನ್ನೇ ಕೋನ್ ತೂತಿಗೆ ಬಿಗಿದಿದ್ದರು. ಲಾಳಿಕೆಯಲ್ಲಿ ಗೋಲಿ ಇಟ್ಟಂತೆ, ಒಂದು ತೆಳು ಗೆರೆಯಷ್ಟು ಜಾಗ ಮಾತ್ರ ತಾಗುತ್ತದೆ. ಆ ಗೆರೆ ವೀಲ್ ಮೇಲೂ ಹೊಳೆಯುತ್ತಿತ್ತು, ನಟ್ ಮೇಲೂ ಹೊಳೆಯುತ್ತಿತ್ತು. ಎಷ್ಟೇ ಬಿಗಿದರೂ ಆ ಬಿಗಿ ನಿಲ್ಲಲ್ಲ. ಅಲ್ಯೂಮಿನಿಯಂ ಸವೆಯುತ್ತ ಹೋಗುತ್ತದೆ, ನಟ್ ಸಡಿಲ ಆಗುತ್ತ ಹೋಗುತ್ತದೆ. ನಡುಗೋದು ಸಣ್ಣ ವಿಷಯ. ವೀಲೇ ಕಳಚಿಕೊಂಡರೆ?

ಮಾರುತಿ, ಹ್ಯುಂಡೈ ಗಾಡಿಗಳಲ್ಲಿ ಈ ಎಡವಟ್ಟು ಅಷ್ಟಾಗಿ ಕಾಣಿಸಲ್ಲ, ಯಾಕೆಂದರೆ ಅವುಗಳ ಕಂಪನಿ ನಟ್ಟೇ ಕೋನ್. ದಿನವಿಡೀ ಸ್ವಿಫ್ಟ್, ಐ20 ಬಿಚ್ಚಿ ಹಾಕುವ ಹುಡುಗನಿಗೆ ಹೋಂಡಾ ಬೇರೆ ಅಂತ ಹೊಳೆಯೋದೂ ಇಲ್ಲ. ಫೋಕ್ಸ್‌ವ್ಯಾಗನ್ ಪೋಲೋ ಇನ್ನೂ ಬೇರೆ: ಅದರಲ್ಲಿ ನಟ್ಟೇ ಇಲ್ಲ, ಬೋಲ್ಟ್, ಅದರ ತಳವೂ ಗುಂಡಗೆ. ಇನ್ನೊಂದು ಅಪಾಯ ಮರೆಯ, ಅಂದರೆ ನಟ್ಟಿನೊಳಗಿನ ತಿರುಪು ಗೆರೆಯ (ಥ್ರೆಡ್) ಅಳತೆಯದು. ಹೋಂಡಾ, ಹ್ಯುಂಡೈ ಸ್ಟಡ್ (ನಟ್ ತೊಡಿಸುವ ಉಕ್ಕಿನ ಕಡ್ಡಿ) 12 ಮಿ.ಮೀ. ದಪ್ಪ, ಮರೆಯ ಅಂತರ 1.5 ಮಿ.ಮೀ. ಮಾರುತಿಯದ್ದೂ 12 ಮಿ.ಮೀ. ದಪ್ಪವೇ, ಆದರೆ ಮರೆ 1.25. ಎರಡೂ ನಟ್ ಒಂದೇ ಡಬ್ಬಿಯಲ್ಲಿದ್ದರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ನಟ್ ತಿರುಗಿಸುವ ಗನ್ ಹಿಡಿದು "ಟ್ರ್ರ್" ಅನ್ನಿಸಿದರೆ ತಪ್ಪು ನಟ್ಟೂ ಮರೆ ಹರಿದುಕೊಂಡು ಒಳಗೆ ಹೋಗುತ್ತದೆ. ಅದಕ್ಕೇ ಈ ಅಂಗಡಿಯಲ್ಲಿ ಒಂದು ನಿಯಮ: ನಟ್ ಮೊದಲು ಬೆರಳಲ್ಲೇ ತಿರುಗಬೇಕು. ಏಳೆಂಟು ಸುತ್ತಾದರೂ ಹಿಡಿಯಬೇಕು. ನಡುವೆ ಬಿಗಿಯಾದರೆ ಬಿಚ್ಚಿ ನೋಡಬೇಕು. ಹುಡುಗರು ಆ ಗನ್ ಮುಟ್ಟೋದೇ ಬಿಚ್ಚುವಾಗ ಮಾತ್ರ.

ಎರಡನೆಯ ಕೊರತೆ ರಿಂಗ್. ಅಲಾಯ್ ಮಾಡುವವರು ಒಂದೇ ವೀಲನ್ನು ಹತ್ತಾರು ಗಾಡಿಗೆ ಮಾರಬೇಕಲ್ಲ, ಅದಕ್ಕೆ ನಡುವಿನ ತೂತನ್ನು ದೊಡ್ಡದಾಗಿ ಕೊರೆದಿರುತ್ತಾರೆ. ನಮ್ಮ ವೀಲಿನದ್ದು 73.1 ಮಿ.ಮೀ. ಸಿಟಿಯ ಹಬ್, ಅಂದರೆ ಆ ತೂತಿನೊಳಗೆ ಕೂರುವ ಗಾಡಿಯ ಗುಂಡು ಭಾಗ, 56.1. ನಡುವೆ ಸುತ್ತಲೂ ಎಂಟೂವರೆ ಮಿ.ಮೀ. ಖಾಲಿ. ಆ ಖಾಲಿ ತುಂಬೋಕೆ ಹಬ್ ರಿಂಗ್ ಅಂತ ಒಂದು ಬಳೆ ಬರುತ್ತದೆ. ರಿಂಗ್ ಭಾರ ಹೊರೋಕಲ್ಲ. ಭಾರವನ್ನು ತಡೆಯೋದು ಬಿಗಿದ ನಟ್‌ಗಳ ಒತ್ತಡ, ವೀಲು ಮತ್ತು ಹಬ್ಬಿನ ಮುಖ ಒಂದಕ್ಕೊಂದು ಕಚ್ಚಿಕೊಳ್ಳುವ ಬಿಗಿ. ರಿಂಗಿನ ಕೆಲಸ ವೀಲನ್ನು ಸರಿಯಾಗಿ ನಡುಮಧ್ಯಕ್ಕೆ ತರೋದು. ಕೋನ್ ನಟ್ ಸರಿಯಾಗಿದ್ದರೆ ಅದೂ ನಡುವಿಗೆ ಎಳೆದುಕೊಳ್ಳುತ್ತದೆ. ನಮ್ಮ ಗಾಡಿಯಲ್ಲಿ ರಿಂಗೂ ಇರಲಿಲ್ಲ, ಕೋನ್ ನಟ್ಟೂ ಇರಲಿಲ್ಲ. ವೀಲು ತನಗೆ ತೋಚಿದ ಕಡೆ ಕೂತಿತ್ತು.

ಹಾಗಾದರೆ ಬ್ಯಾಲೆನ್ಸಿಂಗ್ ಮೆಷಿನ್ ಯಾಕೆ ಸೊನ್ನೆ ತೋರಿಸುತ್ತಿತ್ತು? ಇದನ್ನು ಕೇಳಿದಾಗ ಅವರು ನಕ್ಕರು. ಮೆಷಿನ್ ವೀಲನ್ನು ಹಿಡಿಯೋದು ನಡುವಿನ ದೊಡ್ಡ ತೂತಿಗೆ ತನ್ನದೇ ಕೋನ್ ತೂರಿಸಿ. ಅಲ್ಲಿ ವೀಲು ಪಕ್ಕಾ ನಡುವಲ್ಲೇ ಇರುತ್ತದೆ. ಗಾಡಿಗೆ ಹಾಕಿದರೆ ಇರಲ್ಲ. ಅಂದರೆ ಮೆಷಿನ್ ಸುಳ್ಳು ಹೇಳುತ್ತಿರಲಿಲ್ಲ, ಅದು ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಕೊಡುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಹೀಗೆ ಕೇಳದ ಪ್ರಶ್ನೆಗೆ ಸರಿ ಉತ್ತರ ಬರೆಯುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ!

ಇಲ್ಲಿ ಅವರು ಮಾಡಿದ ಒಂದು ಕೆಲಸ ನನಗೆ ತುಂಬ ಹಿಡಿಸಿತು. ವೀಲ್ ಬದಲಾಯಿಸಿ ಅನ್ನಲಿಲ್ಲ. "ಮೊದ್ಲು ನಟ್ಟು ರಿಂಗು ಹಾಕಿ ನೋಡೋಣ, ವೀಲ್ ವಿಷ್ಯ ಆಮೇಲೆ" ಅಂದರು. ಕೋನ್ ನಟ್ ಕಪಾಟಿನಲ್ಲೇ ಇತ್ತು. ರಿಂಗ್ ಪ್ಲಾಸ್ಟಿಕ್‌ನದ್ದು ಇತ್ತು, ಅಲ್ಯೂಮಿನಿಯಂ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ ಪಾರ್ಸೆಲ್‌ನಲ್ಲಿ ತರಿಸಬೇಕು. ಎರಡರ ಗುಣದೋಷವನ್ನೂ ಹೇಳಿದರು: ಪ್ಲಾಸ್ಟಿಕ್ ಬ್ರೇಕ್ ಶಾಖಕ್ಕೆ ಕಾಲಕ್ರಮೇಣ ಬಿರುಕು ಬಿಡಬಹುದು. ಅಲ್ಯೂಮಿನಿಯಂ ಗಟ್ಟಿ, ಆದರೆ ಮಳೆನೀರಿಗೆ ಹಬ್ಬಿನ ಕಬ್ಬಿಣಕ್ಕೆ ಅಂಟಿಕೊಂಡು ಬಿಡಿಸೋಕೆ ಕಷ್ಟ. ನಾವು ಮಲೆನಾಡಿನ ಮಗ್ಗುಲಲ್ಲಿರೋರು, ಪ್ಲಾಸ್ಟಿಕ್ಕೇ ಸಾಕು ಅಂದೆ. ನಟ್ 16ಕ್ಕೆ 1,800, ರಿಂಗ್ ನಾಲ್ಕಕ್ಕೆ 1,000 ರೂಪಾಯಿ. ಅವತ್ತು ಮನೆಗೆ ವಾಪಸ್ ಬರುವಾಗ ಸುಮ್ನೆ ಬೈಪಾಸ್‌ಗೆ ಹೋಗಿ 100ರವರೆಗೆ ಓಡಿಸಿದೆ. ಸ್ಟೇರಿಂಗ್ ಅಲುಗಾಡಲಿಲ್ಲ. ಸಸ್ಪೆನ್ಷನ್‌ಗೆ ಖರ್ಚಾಗಬೇಕಿದ್ದ ದುಡ್ಡು ನೆನೆದು ನಮ್ಮವರು ದಾರಿಯುದ್ದಕ್ಕೂ ಖುಷಿಯಾಗಿದ್ದರು.

ಉಳಿದದ್ದು ಹಿಂದಿನ ಟೈರ್ ಉಜ್ಜುವ ತೊಂದರೆ. ಅದು ನಟ್‌ನಿಂದ ಹೋಗುವಂಥದ್ದಲ್ಲ, ಅಳತೆಯ ತೊಂದರೆ. ಟೈರ್ ಸವೆದು ಬದಲಾಯಿಸುವ ಕಾಲ ಬಂದಾಗ ಮತ್ತೆ ಇಲ್ಲಿಗೇ ಬಂದು 15 ಇಂಚಿಗೆ ಇಳಿದೆವು. ಮಗ ಮುಖ ಊದಿಸಿಕೊಂಡ. ಅವನಿಗೆ ಲೆಕ್ಕ ಮಾಡಿ ತೋರಿಸಿದೆ. ನಿಮಗೂ ಉಪಯೋಗವಾದೀತು.

ಕಂಪನಿಯ 175/65 ಆರ್15 ಟೈರಿನ ಒಟ್ಟು ಎತ್ತರ 608.5 ಮಿ.ಮೀ. ಹಳೆಯ 205/45 ಆರ್17 ಎತ್ತರ 616.3. ಈಗ ಹಾಕಿಸಿದ 195/60 ಆರ್15 ಎತ್ತರ 615. ಅಂದರೆ 17 ಇಂಚಿನದ್ದೂ ಈಗಿನದ್ದೂ ಹೆಚ್ಚುಕಡಿಮೆ ಒಂದೇ ಎತ್ತರ. ವ್ಯತ್ಯಾಸ ಇರೋದು ರಬ್ಬರಿನಲ್ಲಿ. ಅಲ್ಲಿ ಪಕ್ಕದ ಗೋಡೆ 92 ಮಿ.ಮೀ., ಇಲ್ಲಿ 117. ಶಿರಾಡಿ ಘಾಟಿಯಲ್ಲಿ ಮಳೆಗಾಲದ ಗುಂಡಿಗೆ ಬಿದ್ದಾಗ ಆ 25 ಮಿ.ಮೀ. ರಬ್ಬರ್ ನಿಮಗೂ ವೀಲಿನ ಅಂಚಿಗೂ ನಡುವೆ ಇರುವ ಇನ್ಶೂರೆನ್ಸ್. ಹಳೆ ವೀಲುಗಳಲ್ಲಿ ಒಂದರ ಒಳ ಅಂಚು ಆಗಲೇ ಬಗ್ಗಿತ್ತು. ಸ್ಪೀಡೋಮೀಟರ್ ಕೂಡ ಹೆಚ್ಚು ಕೆಡಲ್ಲ: ಕಂಪನಿ ಟೈರ್ 100 ಓಡುವಲ್ಲಿ ಈ ಟೈರ್ 101 ಓಡುತ್ತದೆ.

ಇನ್ನು ಉಜ್ಜೋದು. ಹಳೆಯ ವೀಲ್ 7ಜೆ (7 ಇಂಚು) ಅಗಲ, ಆಫ್‌ಸೆಟ್ 35. ಹೊಸದು 6ಜೆ, ಆಫ್‌ಸೆಟ್ 40. ಆಫ್‌ಸೆಟ್ ಅಂದರೆ ಹಬ್‌ಗೆ ತಾಗುವ ಮುಖ ವೀಲಿನ ನಟ್ಟನಡುವಿನ ಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಅನ್ನುವ ಅಳತೆ. ಅದು ಜಾಸ್ತಿ ಆದಷ್ಟೂ ವೀಲ್ ಗಾಡಿಯ ಒಳಕ್ಕೆ ಸರಿಯುತ್ತದೆ, ಕಡಿಮೆ ಆದಷ್ಟೂ ಹೊರಕ್ಕೆ ಚಾಚುತ್ತದೆ. ಒಂದು ಇಂಚು ಅಗಲ ಕಡಿಮೆಯಾಯಿತು, ಅಂದರೆ ಪ್ರತಿ ಬದಿಗೆ 12.7 ಮಿ.ಮೀ. ಅದಕ್ಕೆ ಆಫ್‌ಸೆಟ್ಟಿನ 5 ಸೇರಿಸಿ: ವೀಲಿನ ಹೊರ ಅಂಚು 17.7 ಮಿ.ಮೀ. ಒಳಕ್ಕೆ ಬಂತು. ಒಳ ಅಂಚಿಗೆ 5 ಕಳೆಯಿರಿ: ಅಲ್ಲೂ 7.7 ಮಿ.ಮೀ. ಜಾಗ ಉಳಿಯಿತು. ಎಂಟನೇ ತರಗತಿಯ ಲೆಕ್ಕ, ಅಲ್ವಾ? ಆದರೆ ಈ ಲೆಕ್ಕ ಮಾಡದೆ "ಒಳ್ಳೆ ಲುಕ್ ಬರುತ್ತೆ ಬಿಡಿ ಸಾರ್" ಅಂತ ವೀಲ್ ಹಾಕಿ ಕಳಿಸುವವರೇ ಜಾಸ್ತಿ. ಮಡ್‌ಗಾರ್ಡಿನ ಅಂಚು ಬಡಿದು ಒಳಗೆ ಮಡಚಿಕೊಡುವವರೂ ಇದ್ದಾರೆ, ಬಣ್ಣ ಎದ್ದು ತುಕ್ಕು ಹಿಡಿಯೋದು ಆಮೇಲಿನ ಮಾತು.

ಪಿಸಿಡಿ ಬಗ್ಗೆ ಒಂದೇ ಮಾತು. ನಟ್ ತೂತುಗಳ ನಡುಬಿಂದುಗಳ ಮೂಲಕ ಎಳೆದ ವೃತ್ತದ ವ್ಯಾಸ ಅದು; 4x100 ಅಂದರೆ ನಾಲ್ಕು ತೂತು, 100 ಮಿ.ಮೀ. ಸಿಟಿಯದ್ದು 4x100. ಫಿಯಟ್ ಪಾಲಿಯೋ 4x98. ಎರಡು ಮಿ.ಮೀ. ತಾನೇ ಅಂತ ಒಂದರ ವೀಲ್ ಇನ್ನೊಂದಕ್ಕೆ ಬಿಗಿದರೆ ಸ್ಟಡ್ ಅಥವಾ ಬೋಲ್ಟ್ ಓರೆಯಾಗಿ ಎಳೆದುಕೊಳ್ಳುತ್ತದೆ. ಹಳೆ ವೀಲ್ ಅಗ್ಗಕ್ಕೆ ಸಿಕ್ಕಿತು ಅಂತ ತಗೊಳ್ಳೋರು ಇದನ್ನು ಅಳೆದು ನೋಡಿ.

ಹೊಸ ವೀಲ್ ತೆಗೆದುಕೊಳ್ಳುವ ಮುಂಚೆ ಯಜಮಾನರು ಅದನ್ನು ತಿರುವಿ ಹಿಂಬದಿ ತೋರಿಸಿದರು. ಅಗಲ, ಆಫ್‌ಸೆಟ್, ಜೆಡಬ್ಲ್ಯುಎಲ್ ಗುರುತು (ಅಲಾಯ್ ವೀಲಿನ ಜಪಾನಿ ಗುಣಮಟ್ಟದ್ದು), ಐಎಸ್‌ಐ ಗುರುತು, ಒಂದು ವೀಲ್ ಹೊರುವ ಭಾರ 690 ಕೆ.ಜಿ., ಎಲ್ಲ ಅಚ್ಚಿನಲ್ಲೇ ಮೂಡಿತ್ತು. ಬರೀ ಸ್ಟಿಕರ್ ಇರುವ, ಅಚ್ಚು ಏನೂ ಇಲ್ಲದ ವೀಲನ್ನು ಅವರು ಇಟ್ಟುಕೊಳ್ಳೋದಿಲ್ಲವಂತೆ. ನಾಲ್ಕು ವೀಲಿಗೆ 26,000 ಆಯಿತು, ಟೈರ್ ಬೇರೆ. ಹಿಂದೆ ಕೊಂಡಿದ್ದ ಕೋನ್ ನಟ್ಟೂ ರಿಂಗೂ ಹೊಸ ವೀಲಿಗೂ ಬಂದವು, ಅದಕ್ಕೆ ಮತ್ತೆ ದುಡ್ಡು ಕೀಳಲಿಲ್ಲ.

ಕೂರಿಸುವ ಕೆಲಸ ನೋಡೋಕೆ ಚೆಂದ. ಹುಡುಗ ಮೊದಲು ತಂತಿ ಬ್ರಷ್‌ನಿಂದ ಹಬ್ಬಿನ ಮುಖದ ತುಕ್ಕು ಉಜ್ಜಿದ. ಒಂದು ಬಟ್ಟೆಯಲ್ಲಿ ಒರೆಸಿದ. ವೀಲಿನ ಹಿಂದೆ ನಟ್ ತೂತಿನ ಹತ್ತಿರ ಬಣ್ಣ ಉಂಡೆ ಕಟ್ಟಿತ್ತು, ಅದನ್ನೂ ಕೆರೆದ, ಯಾಕೆಂದರೆ ನಡುವೆ ಒಂದು ಪದರ ಬಣ್ಣ ಉಳಿದರೂ ಅದು ನುಣುಪಾಗಿ ಸವೆದಾಗ ನಟ್ ಸಡಿಲ. ಸ್ಟಡ್‌ಗೆ ಎಣ್ಣೆ ಹಚ್ಚಲಿಲ್ಲ. ಹಚ್ಚಿ ಅಂದವರು ನಮ್ಮ ಯಜಮಾನರು, ಬೈಸಿಕೊಂಡರು: ಎಣ್ಣೆ ಇದ್ದರೆ ಅದೇ ಅಳತೆಗೆ ಬಿಗಿದರೂ ಸ್ಟಡ್ ಜಾಸ್ತಿ ಎಳೆಯುತ್ತದೆ. ರಿಂಗ್ ಕೂರಿಸಿ, ವೀಲ್ ಒತ್ತಿ, ನಟ್‌ಗಳನ್ನು ಬೆರಳಲ್ಲಿ, ಆಮೇಲೆ ಸಣ್ಣ ಪಾನದಿಂದ ಎದುರುಬದುರಾಗಿ ಬಿಗಿದ. ಕೈಯಲ್ಲಿ ವೀಲ್ ತಿರುಗಿಸಿ ಬ್ರೇಕ್ ಕ್ಯಾಲಿಪರ್‌ಗೆ ತಾಗಲ್ಲ ಅಂತ ನೋಡಿದ. ಜಾಕ್ ಇಳಿಸಿ ಟಯರ್ ನೆಲಕ್ಕೆ ತಾಗಿದ ಮೇಲೆ ಟಾರ್ಕ್ ರೆಂಚ್ (ಬಿಗಿ ಅಳೆಯುವ ಪಾನ) ತೆಗೆದ. ಸಿಟಿಗೆ 108 ನ್ಯೂಟನ್ ಮೀಟರ್. ಅಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಗೆ 11 ಕೆ.ಜಿ. ತೂಗುಹಾಕಿದಷ್ಟು. ಟಕ್ ಅಂದ ಕೂಡಲೇ ಬಿಟ್ಟ. ಪಾನದ ಮೇಲೆ ಹತ್ತಿ ಕುಣಿಯೋದು ನೋಡಿ ಬೆಳೆದ ನನಗೆ ಇದು ತೀರ ಸಾಧು ಅನ್ನಿಸಿತು. ಆದರೆ ಹಾಗೆ ಕುಣಿದೇ ಸ್ಟಡ್ ಮುರಿಯೋದು, ಬ್ರೇಕ್ ಡಿಸ್ಕ್ ಸೊಟ್ಟಗಾಗೋದು.

ಕೊನೆಗೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದರು. ಹಿಂದಿನ ಸೀಟಿಗೆ ಮೂವರು ಹುಡುಗರನ್ನು ಕೂರಿಸಿ, ರಸ್ತೆಯ ಹಂಪ್ ಮೇಲೆ ನನ್ನಿಂದಲೇ ಓಡಿಸಿದರು. ಸದ್ದಿಲ್ಲ. ನೂರು ಕಿಲೋಮೀಟರ್ ಓಡಿದ ಮೇಲೆ ಬಂದು ಮತ್ತೊಮ್ಮೆ ಟಾರ್ಕ್ ನೋಡಿಸಿಕೊಂಡು ಹೋಗಿ ಅಂದರು. ಹೋದಾಗ ಒಂದೆರಡು ನಟ್ ನಿಜಕ್ಕೂ ಸ್ವಲ್ಪ ತಿರುಗಿದವು. ಅದಕ್ಕೆ ದುಡ್ಡಿಲ್ಲ.

ಸ್ಟೆಪ್ನಿ ವಿಷಯ ಯಾರೂ ಹೇಳಲ್ಲ, ಇವರು ಹೇಳಿದರು. ಡಿಕ್ಕಿಯಲ್ಲಿರುವ ಸ್ಟೆಪ್ನಿ ಕಂಪನಿಯ ಸ್ಟೀಲ್ ಡಿಸ್ಕ್. ಅದಕ್ಕೆ ಕೋನ್ ನಟ್ ಹಾಕಬಾರದು, ಹಳೆಯ ಗುಂಡು ನಟ್ಟೇ ಬೇಕು. ಹಾಗಾಗಿ ನಾಲ್ಕು ಹಳೆ ನಟ್‌ಗಳನ್ನು ಒಂದು ಚೀಲದಲ್ಲಿ ಕಟ್ಟಿ ಸ್ಟೆಪ್ನಿಗೇ ನೇತುಹಾಕಿಕೊಟ್ಟರು. ಕೋನ್ ನಟ್ ಬಿಚ್ಚೋಕೆ ಬೇರೆಯೇ ಒಂದು ಹಲ್ಲಿನ ಕೀ ಬೇಕು, ಪಂಕ್ಚರ್ ಅಂಗಡಿಯಲ್ಲಿ ಅದು ಸಿಗಲ್ಲ. ಅದನ್ನು ಡ್ಯಾಶ್‌ಬೋರ್ಡಿನಲ್ಲೇ ಇಡಿ, ಮನೆಯ ಬೀರುವಿನಲ್ಲಿ ಜೋಪಾನ ಮಾಡಬೇಡಿ.

ಈಗ ದೂರುಗಳು. ಎರಡು ಗಂಟೆ ಅಂದ ಕೆಲಸಕ್ಕೆ ಸಂಜೆಯಾಯಿತು. ಕೂರೋಕೆ ಇರೋದು ಒಂದು ಹಳೆ ಟೈರ್ ಮತ್ತು ಮುರಿದ ಪ್ಲಾಸ್ಟಿಕ್ ಕುರ್ಚಿ. ಟಾಯ್ಲೆಟ್ ಇಲ್ಲ. ಹೆಂಗಸರು ಒಬ್ಬರೇ ಹೋಗುವುದಾದರೆ ಗಾಡಿ ಬಿಟ್ಟು ಬಂದು ಆಮೇಲೆ ಹೋಗಿ. ಫೋನ್ ಎತ್ತಲ್ಲ. ಬಿಲ್ ಕೇಳಿದ ಮೇಲೇ ಬಂತು, ಅದೂ ಎರಡು ಸಲ ಕೇಳಿದ ಮೇಲೆ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಹೊಸ ವೀಲನ್ನು ಆಕ್ಸೆಸರಿ ಅಂತ ಸೇರಿಸೋಕೆ ಬಿಲ್ ಬೇಕೇ ಬೇಕು, ಬಿಡಬೇಡಿ. ಅಲೈನ್‌ಮೆಂಟ್ ಮೆಷಿನ್ ಇವರಲ್ಲಿಲ್ಲ, ಪಕ್ಕದ ಅಂಗಡಿಗೆ ಕಳಿಸುತ್ತಾರೆ. ಅಲ್ಲಿ ಮತ್ತೊಂದು ಸಾಲು.

ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ವಾರದ ದಿನ ಬೆಳಗ್ಗೆ ಬೇಗ ಹೋದರೆ ಒಳ್ಳೆಯದು. ಸ್ವಿಫ್ಟಿಗೆ 18 ಇಂಚು ಹಾಕಿಕೊಡಿ ಅನ್ನುವ ಹುಡುಗರನ್ನು ಇವರು ವಾಪಸ್ ಕಳಿಸೋದನ್ನು ನಾನೇ ನೋಡಿದೆ. ಅಂಥದ್ದು ಬೇಕಿದ್ದರೆ ನೀಲಿ ಲೈಟಿನ ಅಂಗಡಿ ದೂರವೇನಿಲ್ಲ. ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಉಳಿದ ಒಂದು ಅಂಕ ಆ ಕುರ್ಚಿಗೆ, ಬಿಲ್‌ಗೆ, ಮತ್ತೆ ಸಕಲೇಶಪುರದ ಹತ್ತಿರ ಉದುರಿಹೋದ ಒಂದು ಸೆಂಟರ್ ಕ್ಯಾಪ್‌ಗೆ. ಕಂಪನಿಯಿಂದ ಬೇರೆ ತರಿಸಿಕೊಡುತ್ತೇನೆ ಅಂದಿದ್ದಾರೆ. ಇನ್ನೂ ಬಂದಿಲ್ಲ.